ದೊಡ್ಡಕ್ಷರವಿಲ್ಲದ ಭಾಷೆಯಲ್ಲಿ ಡೂಮ್

ಮುಖವಾಡ ಹಾಕಿಕೊಂಡು ಹಾಡುತ್ತಿದ್ದ ರ‍್ಯಾಪರ್ ಎಮ್‌ಎಫ್ ಡೂಮ್ ಹೆಸರು ಬರೆಯುವುದಕ್ಕೆ ಒಂದು ನಿಯಮ ಇದೆ. ಇಂಗ್ಲಿಷ್‌ನಲ್ಲಿ ಬರೆದರೆ ಎಲ್ಲಾ ಅಕ್ಷರಗಳೂ ಕ್ಯಾಪಿಟಲ್ ಆಗಿರಬೇಕು. 2004ರ ‘ಆಲ್ ಕ್ಯಾಪ್ಸ್’ ಹಾಡಿನಲ್ಲಿ ಅವನೇ ಹಾಗಂತ ಹೇಳಿಟ್ಟಿದ್ದಾನೆ. ಇಂಟರ್ನೆಟ್‌ನಲ್ಲಿ ಎಲ್ಲಾದರೂ ಸಣ್ಣಕ್ಷರದಲ್ಲಿ ಬರೆದು ನೋಡಿ, ಐದು ನಿಮಿಷದೊಳಗೆ ಯಾರೋ ಒಬ್ಬರು ಬಂದು ತಿದ್ದಿ ಹೋಗುತ್ತಾರೆ. ಕೋಪ ಏನೂ ಇರುವುದಿಲ್ಲ, ಅದು ಅವರು ಮಾಡುವ ನಮಸ್ಕಾರ ಅಷ್ಟೇ. ನನ್ನ ತೊಂದರೆ ಏನಪ್ಪಾ ಅಂದ್ರೆ, ಕನ್ನಡದಲ್ಲಿ ಸಣ್ಣಕ್ಷರವೂ ಇಲ್ಲ, ದೊಡ್ಡಕ್ಷರವೂ ಇಲ್ಲ. ಇರುವುದು ಒಂದೇ ಅಳತೆ. ಹಾಗಾಗಿ ಈ ಬರಹದಲ್ಲಿ ಅವನ ನಿಯಮ ಮುರಿಯುವುದಕ್ಕೂ ಆಗುವುದಿಲ್ಲ, ಪಾಲಿಸುವುದಕ್ಕೂ ಆಗುವುದಿಲ್ಲ. ಇದನ್ನು ಕೇಳಿದ್ದರೆ ಅವನು ಮುಖವಾಡದ ಹಿಂದೆ ನಕ್ಕಿರುತ್ತಿದ್ದ ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು ಮಾತು. ಉದ್ದಕ್ಕೂ ‘ಅವನು’ ಅಂತಲೇ ಬರೆಯುತ್ತೇನೆ. ಇಪ್ಪತ್ತು ವರ್ಷದ ಹತ್ತಿರ ಕಿವಿಯೊಳಗೆ ಕೂತು ಮಾತಾಡಿದವನಿಗೆ ಬಹುವಚನ ಹಾಕಿದರೆ ಯಾರೋ ಹೊರಗಿನವರ ಹಾಗೆ ಕೇಳುತ್ತದೆ.

2020ರ ಡಿಸೆಂಬರ್ 31ರಂದು ಅವನ ಹೆಂಡತಿ ಜಾಸ್ಮಿನ್ ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ಪೋಸ್ಟ್ ಹಾಕಿದರು. ಗಂಡ ತೀರಿಕೊಂಡಿದ್ದಾರೆ ಅಂತ. ಓದುತ್ತಾ ಹೋದರೆ ಕೊನೆಯಲ್ಲಿ ತಾರೀಖು ಇತ್ತು, ಅಕ್ಟೋಬರ್ 31. ಎರಡು ತಿಂಗಳ ಹಿಂದಿನದು. ಮೊದಲು ಅದು ತಪ್ಪಾಗಿ ಬಿದ್ದಿರಬೇಕು ಅಂದುಕೊಂಡೆ. ತಪ್ಪಾಗಿರಲಿಲ್ಲ. ಅವನಿಗೆ ಆಗ 49 ವರ್ಷ. ಅಕ್ಟೋಬರ್ 31 ಅಂದರೆ ಹ್ಯಾಲೊವೀನ್, ಇಡೀ ಅಮೆರಿಕ ಮುಖವಾಡ ಹಾಕಿಕೊಂಡು ಬೀದಿಗೆ ಬರುವ ದಿನ. ವರ್ಷಗಟ್ಟಲೆ ಮುಖವಾಡದಲ್ಲಿ ಹಾಡಿದವನು ಹೋಗಿದ್ದು ಆ ದಿನ. ಇದನ್ನು ಯಾರಾದರೂ ಕಥೆಯಲ್ಲಿ ಬರೆದಿದ್ದರೆ ಸ್ವಲ್ಪ ಜಾಸ್ತಿ ಆಯ್ತು ಅಂತ ನಾನೇ ಹೇಳುತ್ತಿದ್ದೆ.

ಆದರೆ ನನ್ನನ್ನು ಕಾಡಿದ್ದು ಆ ದಿನ ಅಲ್ಲ, ಆ ಎರಡು ತಿಂಗಳು. ನವೆಂಬರ್, ಡಿಸೆಂಬರ್ ಪೂರ್ತಿ ನಾನು ಅವನ ಹಾಡು ಕೇಳುತ್ತಲೇ ಇದ್ದೆ. ಕೆಲಸ ಮಾಡುವಾಗ, ರಾತ್ರಿ ಪಾತ್ರೆ ತೊಳೆಯುವಾಗ. ಅವನು ಸತ್ತಿದ್ದ, ನನಗೆ ಗೊತ್ತಿರಲಿಲ್ಲ, ಹಾಡುಗಳಲ್ಲಿ ಏನೂ ವ್ಯತ್ಯಾಸ ಆಗಿರಲಿಲ್ಲ. ಬೇರೆ ಯಾವ ದೊಡ್ಡ ರ‍್ಯಾಪರ್ ಆಗಿದ್ದರೂ ಎರಡು ತಿಂಗಳು ಕಾಣಿಸದಿದ್ದರೆ ಗಲಾಟೆ ಆಗುತ್ತಿತ್ತು. ಇವನು ಕಾಣಿಸದೇ ಇರುವುದೇ ಮಾಮೂಲಿ. ನಮ್ಮ ಹತ್ತಿರ ಮೊದಲಿನಿಂದಲೂ ಇದ್ದಿದ್ದು ಬರೀ ದನಿ, ಆ ದನಿ ಅಲ್ಲೇ ಇತ್ತು. ಅವನ ಪ್ರಭಾವ ಅಂತ ಎಲ್ಲರೂ ಏನೇನೋ ಬರೆಯುತ್ತಾರಲ್ಲ, ನನಗೆ ಅದು ಅರ್ಥವಾಗಿದ್ದು ಆ ಎರಡು ತಿಂಗಳಲ್ಲಿ. ಅಂದರೆ, ಅವು ಮುಗಿದ ಮೇಲೆ.

ಅವನ ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಮನೆಯವರು ಇಟ್ಟ ಹೆಸರು ಡೇನಿಯಲ್ ಡುಮಿಲೆ. ಹುಟ್ಟಿದ್ದು 1971ರ ಜುಲೈನಲ್ಲಿ, ಲಂಡನ್‌ನಲ್ಲಿ. ಅಮ್ಮ ಟ್ರಿನಿಡಾಡ್ ಕಡೆಯವರು, ಅಪ್ಪ ಜಿಂಬಾಬ್ವೆಯವರು. ಮಗು ಚಿಕ್ಕದಿರುವಾಗಲೇ ಕುಟುಂಬ ಅಮೆರಿಕಕ್ಕೆ ಹೋಯಿತು, ಅವನು ಬೆಳೆದಿದ್ದು ನ್ಯೂಯಾರ್ಕ್ ರಾಜ್ಯದ ಲಾಂಗ್ ಬೀಚ್‌ನಲ್ಲಿ. ಮುಖವಾಡಕ್ಕಿಂತ ಮುಂಚೆ ಅವನಿಗೆ ಮುಖ ಇತ್ತು. ಹೆಸರೂ ಬೇರೆ, ಜೆವ್ ಲವ್ ಎಕ್ಸ್. ತಮ್ಮ ಸಬ್‌ರಾಕ್ ಜೊತೆ ಸೇರಿ ಕೆಎಮ್‌ಡಿ ಅನ್ನುವ ತಂಡ ಕಟ್ಟಿದ್ದ. 1991ರಲ್ಲಿ ಎಲೆಕ್ಟ್ರಾ ಕಂಪನಿಯಿಂದ ‘ಮಿಸ್ಟರ್ ಹುಡ್’ ಆಲ್ಬಮ್ ಬಂತು. ತಮಾಷೆ, ತುಂಟತನ, ನಡುವೆ ಜನಾಂಗ ದ್ವೇಷದ ಬಗ್ಗೆ ಚುಚ್ಚುಮಾತು. ಆಗಿನ ವಿಡಿಯೋಗಳಲ್ಲಿ ಅವನು ಹಲ್ಲು ಬಿಟ್ಟು ನಗುತ್ತಾನೆ.

1993ರ ಏಪ್ರಿಲ್‌ನಲ್ಲಿ ಲಾಂಗ್ ಐಲ್ಯಾಂಡ್‌ನಲ್ಲಿ ಹೆದ್ದಾರಿ ದಾಟುವಾಗ ಸಬ್‌ರಾಕ್‌ಗೆ ಕಾರು ಹೊಡೆದು ಅವನು ಸತ್ತುಹೋದ. 19 ವರ್ಷದ ಹುಡುಗ. ಎರಡನೇ ಆಲ್ಬಮ್ ಕೆಲಸ ಇನ್ನೂ ನಡೆಯುತ್ತಿತ್ತು. ಅಣ್ಣ ಒಬ್ಬನೇ ಕೂತು ಅದನ್ನು ಮುಗಿಸಿದ. ಅದರ ರಕ್ಷಾಪುಟದಲ್ಲಿ, ಕರಿಯರನ್ನು ಗೇಲಿ ಮಾಡಲು ಬಿಳಿಯರು ಬಳಸುತ್ತಿದ್ದ ‘ಸ್ಯಾಂಬೊ’ ಚಿತ್ರವನ್ನು ನೇಣಿಗೆ ಹಾಕಿದ ಹಾಗೆ ಬರೆದಿದ್ದ. ಆ ಗೇಲಿಯನ್ನೇ ಕೊಲ್ಲುವ ಚಿತ್ರ ಅದು. ನೋಡಿದವರು ಉಲ್ಟಾ ಅರ್ಥ ಮಾಡಿಕೊಂಡರು, ಗಲಾಟೆ ಎದ್ದಿತು, 1994ರಲ್ಲಿ ಕಂಪನಿ ಆಲ್ಬಮ್ಮನ್ನೂ ಕೈಬಿಟ್ಟಿತು, ಅವನನ್ನೂ ಕೈಬಿಟ್ಟಿತು. ಒಂದು ವರ್ಷದ ಆಚೆ ಈಚೆ ತಮ್ಮ ಇಲ್ಲ, ತಂಡ ಇಲ್ಲ, ಕೆಲಸ ಇಲ್ಲ. ಆಮೇಲೆ ಮೂರ್ನಾಲ್ಕು ವರ್ಷ ಸಂಗೀತದ ಜಗತ್ತಿನಲ್ಲಿ ಅವನ ಸುಳಿವಿಲ್ಲ. ಮ್ಯಾನ್‌ಹಟನ್‌ನ ಬೀದಿ ಬೆಂಚುಗಳ ಮೇಲೆ ಮಲಗಿದ ದಿನಗಳೂ ಇದ್ದವು ಅಂತ ಮುಂದೆ ಅವನೇ ಹೇಳಿಕೊಂಡಿದ್ದಾನೆ.

ವಾಪಸ್ ಬಂದಿದ್ದು ಹೇಗೆ ಅಂದರೆ, 90ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್‌ನ ನ್ಯೂಯೊರಿಕನ್ ಪೊಯೆಟ್ಸ್ ಕೆಫೆಯಲ್ಲಿ ಯಾರು ಬೇಕಾದರೂ ವೇದಿಕೆ ಹತ್ತಬಹುದಾದ ರಾತ್ರಿಗಳಲ್ಲಿ, ಹೆಂಗಸರ ಸ್ಟಾಕಿಂಗ್ ಒಂದನ್ನು ಮುಖದ ಮೇಲೆ ಎಳೆದುಕೊಂಡು. ಬ್ಯಾಂಕ್ ದೋಚಲು ಬಂದವನ ಹಾಗೆ. 1999ರಲ್ಲಿ ‘ಆಪರೇಷನ್: ಡೂಮ್ಸ್‌ಡೇ’ ಬಂತು. ಬಾಬಿಟೊ ಗಾರ್ಸಿಯಾ ಅವರ ಫಾಂಡಲ್ ಎಮ್ ಅನ್ನುವ, ಹಾಡು ಹೊರತರುವ ಪುಟ್ಟ ಲೇಬಲ್‌ನಿಂದ. ಅಷ್ಟು ಹೊತ್ತಿಗೆ ಸ್ಟಾಕಿಂಗ್ ಹೋಗಿ ಲೋಹದಂತೆ ಕಾಣುವ ಮುಖವಾಡ ಬಂದಿತ್ತು. ಮಾರ್ವೆಲ್ ಕಾಮಿಕ್ಸ್‌ನ ಖಳನಾಯಕ ಡಾಕ್ಟರ್ ಡೂಮ್ ಇದ್ದಾನಲ್ಲ, ಸುಟ್ಟ ಮುಖವನ್ನು ಲೋಹದ ಹಿಂದೆ ಮುಚ್ಚಿಟ್ಟುಕೊಂಡು ಜಗತ್ತಿನ ಮೇಲೆ ಸೇಡು ತೀರಿಸಿಕೊಳ್ಳಲು ಓಡಾಡುವವನು, ಅವನ ವೇಷ. ಎಮ್‌ಎಫ್ ಅಂದರೆ ಮೆಟಲ್ ಫೇಸ್. ಮುಂದೆ ಅವನ ಜೊತೆ ಗಟ್ಟಿಯಾಗಿ ಉಳಿದುಕೊಂಡ ಮುಖವಾಡವನ್ನು ಮಾಡಿದ್ದು ‘ಗ್ಲಾಡಿಯೇಟರ್’ ಸಿನಿಮಾದ ಶಿರಸ್ತ್ರಾಣದ ಪ್ರತಿಕೃತಿಯಿಂದ. ಹೀರೋನ ಟೋಪಿ ಕತ್ತರಿಸಿ ವಿಲನ್‌ಗೆ ಮುಖ ಮಾಡಿದ್ದು. ನನಗೆ ಈ ವಿಷಯ ಗೊತ್ತಾದಾಗ ಸಿಕ್ಕಾಪಟ್ಟೆ ಖುಷಿ ಆಗಿತ್ತು.

ಮುಖವಾಡ ಯಾಕೆ ಅಂತ ಕೇಳಿದಾಗಲೆಲ್ಲ ಅವನು ಹೇಳುತ್ತಿದ್ದುದು ಹೆಚ್ಚುಕಡಿಮೆ ಒಂದೇ. ಕೇಳುವುದು ಮುಖ್ಯ, ನೋಡುವುದಲ್ಲ. ಹಾಡುವವನು ಹೇಗಿದ್ದಾನೆ, ಏನು ಹಾಕಿದ್ದಾನೆ, ಕತ್ತಿನಲ್ಲಿ ಎಷ್ಟು ಚಿನ್ನ ಇದೆ ಅನ್ನುವುದರ ಮೇಲೆ ಮಾರುಕಟ್ಟೆ ನಡೆಯುತ್ತಿದ್ದ ಕಾಲ ಅದು. ಎಲ್ಲರೂ ‘ನಾನು ನಿಜವಾದವನು, ನಾನು ಬೀದಿಯಿಂದ ಬಂದವನು’ ಅಂತ ಎದೆ ತಟ್ಟಿಕೊಳ್ಳುತ್ತಿದ್ದರೆ ಇವನು ಬಂದು ‘ನಾನೊಂದು ಪಾತ್ರ’ ಅಂದ. ತನ್ನ ಬಗ್ಗೆ ತಾನೇ ಪ್ರಥಮ ಪುರುಷದಲ್ಲಿ, ‘ಆ ಖಳನಾಯಕ ಹೀಗಂದ, ಹಾಗೆ ಮಾಡಿದ’ ಅಂತ ಹಾಡುತ್ತಿದ್ದ. ನಮ್ಮ ತ್ರಿಪದಿಯ ಕೊನೆಗೆ ಬಂದು ಕೂರುವ ಹೆಸರಿನ ಹಾಗೆ, ಎಷ್ಟೋ ಹಾಡುಗಳಲ್ಲಿ ಅವನ ಹೆಸರು ಹೊರಗಿನಿಂದ ಬಂದು ಕೂರುತ್ತದೆ. ಇದರಿಂದ ಆದ ಲಾಭ ಏನು ಗೊತ್ತಾ? ಅವನು ತನ್ನ ಮೇಲೆ ತಾನೇ ನಗಬಹುದಿತ್ತು. ಹೊಟ್ಟೆ ಬಂದಿದೆ, ದುಡ್ಡಿಲ್ಲ, ಕುಡಿದಿದ್ದೇನೆ, ಎಲ್ಲವನ್ನೂ ಹೇಳಬಹುದಿತ್ತು. ಹೀರೋಗೆ ಆ ಸೌಲಭ್ಯ ಇಲ್ಲ.

ನಾನು ಮೊದಲು ಕೇಳಿದ್ದು ಅವನ ‘ಮ್ಯಾಡ್‌ವಿಲನಿ’ ಆಲ್ಬಮ್. ಗೆಳೆಯನೊಬ್ಬ ಪೆನ್ ಡ್ರೈವ್‌ನಲ್ಲಿ ಹಾಕಿಕೊಟ್ಟಿದ್ದ. ಮೊದಲ ಸಲ ಕೇಳಿ ‘ಇದೇನೋ ಇದು, ನಿದ್ದೆಗಣ್ಣಲ್ಲಿ ಹಾಡಿದ ಹಾಗಿದೆ’ ಅಂದೆ. ಅವನು ಏನೂ ಹೇಳಲಿಲ್ಲ. ‘ಇನ್ನೊಂದು ಸಲ ಕೇಳು’ ಅಂದ ಅಷ್ಟೇ. ನಿಜ ಹೇಳಬೇಕು ಅಂದ್ರೆ ನಾನು ಸುಮಾರು ಒಂದು ತಿಂಗಳು ಅದನ್ನು ಮುಟ್ಟಲಿಲ್ಲ. ಆಮೇಲೆ ಒಂದು ದಿನ ಬಸ್ಸಿನಲ್ಲಿ ಬೇರೇನೂ ಇಲ್ಲದೆ ಹಾಕಿದೆ. ಒಂದು ಸಾಲು ಕಿವಿಗೆ ಬಿತ್ತು. ಅದರಲ್ಲಿ ಏಳೆಂಟು ಪ್ರಾಸ ಇದ್ದವು, ಒಂದೂ ಸಾಲಿನ ಕೊನೆಯಲ್ಲಿ ಇರಲಿಲ್ಲ. ಹಿಂದಕ್ಕೆ ಹೋಗಿ ಮತ್ತೆ ಕೇಳಿದೆ. ಮತ್ತೆ ಹಿಂದಕ್ಕೆ. ನನ್ನ ಸ್ಟಾಪ್ ದಾಟಿಹೋಗಿತ್ತು.

ಇಲ್ಲಿ ಪ್ರಾಸದ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಬೇಜಾರಾದರೆ ಮುಂದಿನ ಪ್ಯಾರಾಕ್ಕೆ ಹೋಗಿ. ಶಾಲೆಯಲ್ಲಿ ನಮಗೆ ಆದಿಪ್ರಾಸ, ಅಂತ್ಯಪ್ರಾಸ ಅಂತ ಹೇಳಿಕೊಟ್ಟಿರುತ್ತಾರೆ. ಸಾಲಿನ ಎರಡನೇ ಅಕ್ಷರ ಹೊಂದಿದರೆ ಆದಿಪ್ರಾಸ, ಕೊನೆ ಹೊಂದಿದರೆ ಅಂತ್ಯಪ್ರಾಸ. ಸಾಮಾನ್ಯ ರ‍್ಯಾಪ್‌ನಲ್ಲಿ ಅಂತ್ಯಪ್ರಾಸವೇ ಜಾಸ್ತಿ, ‘ಬಂದ’ ಅಂದರೆ ‘ತಂದ’. ಡೂಮ್ ಮಾಡುವುದು ಇಡೀ ಪದಗುಚ್ಛಕ್ಕೆ ಪದಗುಚ್ಛವನ್ನೇ ಹೊಂದಿಸುವುದು, ಉಚ್ಚಾರಣೆಯ ಒಂದೊಂದು ತುಂಡಿಗೂ ಜೋಡಿ. ಕನ್ನಡದಲ್ಲಿ ಮಾಡಿ ನೋಡೋಣ ಅಂತ ಒಂದು ಮಧ್ಯಾಹ್ನ ಪೂರ್ತಿ ಕೂತು ನಾನು ಕಟ್ಟಿದ್ದು ಇದು: ‘ಕನ್ನಡಿ ಮುಂದೆ ನಿಂತೆ, ಮುನ್ನುಡಿ ಹಿಂದೆ ಬಂತೆ’. ನೋಡಿ, ಕನ್ನಡಿಗೆ ಮುನ್ನುಡಿ, ಮುಂದೆಗೆ ಹಿಂದೆ, ನಿಂತೆಗೆ ಬಂತೆ. ಲೆಕ್ಕ ಸರಿ ಇದೆ. ಅರ್ಥ ಮಾತ್ರ ದೇವರೇ ಗತಿ. ಎರಡು ಸಾಲಿಗೆ ನನಗೆ ಒಂದು ಮಧ್ಯಾಹ್ನ ಬೇಕಾಯಿತು. ಅವನು ಹೀಗೆ ಮೂರು ನಿಮಿಷ ನಿಲ್ಲಿಸದೆ ಹೋಗುತ್ತಾನೆ, ನಡುವೆ ಒಂದು ಕಥೆ ಹೇಳುತ್ತಾನೆ, ಕಥೆಯ ನಡುವೆ ಜೋಕ್ ಹೇಳುತ್ತಾನೆ, ಮತ್ತು ಇಷ್ಟೆಲ್ಲಾ ಮಾಡುವಾಗ ಅವನ ದನಿ ಯಾರೋ ಸೋಫಾದಲ್ಲಿ ಒರಗಿಕೊಂಡು ನಿನ್ನೆ ನಡೆದಿದ್ದನ್ನು ಹೇಳುತ್ತಿರುವ ಹಾಗೆ ಇರುತ್ತದೆ. ಏರಿಲ್ಲ, ಇಳಿವಿಲ್ಲ, ಚಪ್ಪಾಳೆ ಕೇಳುವ ಜಾಗವಿಲ್ಲ.

ಇನ್ನೊಂದು ಆಟ ಇದೆ ಅವನದು. ಮುಂದಿನ ಪದ ಇದೇ ಅಂತ ನಿಮಗೆ ಖಾತ್ರಿಯಾಗಿ ಗೊತ್ತಾಗುವ ಹಾಗೆ ಸಾಲನ್ನು ಕಟ್ಟುತ್ತಾನೆ, ಸಾಮಾನ್ಯವಾಗಿ ಏನೋ ಪೋಲಿ ಪದ. ನೀವು ಬಾಯಿ ತೆರೆಯುತ್ತೀರಿ, ಅವನು ಬೇರೆ ಪದ ಹಾಕಿ ಮುಂದೆ ಹೋಗಿರುತ್ತಾನೆ. ಪೋಲಿ ಯೋಚನೆ ಮಾಡಿದ್ದು ನೀವು. ಅವನು ಒಳ್ಳೆಯವನು.

ಮ್ಯಾಡ್‌ವಿಲನಿ ಹುಟ್ಟಿದ ರೀತಿಯೂ ಚೆನ್ನಾಗಿದೆ. ಬೀಟ್, ಅಂದರೆ ಮಾತಿನ ಹಿಂದೆ ಓಡುವ ಸಂಗೀತ, ಮಾಡಿದ್ದು ಕ್ಯಾಲಿಫೋರ್ನಿಯಾದ ಮ್ಯಾಡ್‌ಲಿಬ್, ಲೇಬಲ್ ಲಾಸ್ ಏಂಜಲೀಸ್‌ನ ಸ್ಟೋನ್ಸ್ ಥ್ರೋ. ಕೆಲವು ಬೀಟ್‌ಗಳನ್ನು ಮ್ಯಾಡ್‌ಲಿಬ್ ಮಾಡಿದ್ದು ಬ್ರೆಜಿಲ್ ಪ್ರವಾಸದಲ್ಲಿ, ಹೋಟೆಲ್ ಕೋಣೆಯಲ್ಲಿ ಕೂತು, ಹಳೆ ಹಾಡಿನ ತುಂಡುಗಳನ್ನು ಹಿಡಿದು ಜೋಡಿಸುವ ಒಂದು ಪುಟ್ಟ ಸ್ಯಾಂಪ್ಲರ್, ರೆಕಾರ್ಡ್ ತಿರುಗಿಸುವ ಟರ್ನ್‌ಟೇಬಲ್, ಒಂದು ಟೇಪ್ ಡೆಕ್ ಇಟ್ಟುಕೊಂಡು. ಅಲ್ಲಿನ ಅಂಗಡಿಗಳಲ್ಲಿ ಕೊಂಡ ಹಳೆ ರೆಕಾರ್ಡ್‌ಗಳೇ ಕಚ್ಚಾ ಸಾಮಾನು. ಕೆಲಸ ಅರ್ಧ ಆಗಿರುವಾಗಲೇ ಡೆಮೊ ಕದ್ದುಹೋಗಿ ಇಂಟರ್ನೆಟ್‌ಗೆ ಬಂತು, ಅಧಿಕೃತ ಆಲ್ಬಮ್ ಬರುವುದಕ್ಕಿಂತ ಒಂದು ವರ್ಷಕ್ಕೂ ಮುಂಚೆ. ಇಬ್ಬರಿಗೂ ಮನಸ್ಸು ಕೆಟ್ಟು ಅದನ್ನು ಪಕ್ಕಕ್ಕಿಟ್ಟು ಬೇರೆ ಕೆಲಸಕ್ಕೆ ಹೋದರು. ವಾಪಸ್ ಬಂದಾಗ ಡೂಮ್ ಹಾಡಿದ್ದನ್ನು ಮತ್ತೆ ಹಾಡಿದ. ಸೋರಿದ ಡೆಮೊದಲ್ಲಿ ಅವನ ದನಿ ಚುರುಕಾಗಿದೆ, ಸ್ವಲ್ಪ ಜೋರು. ಆಲ್ಬಮ್‌ನಲ್ಲಿ ಅದು ನಿಧಾನ, ಗೊರಗೊರ. ನಾನು ‘ನಿದ್ದೆಗಣ್ಣು’ ಅಂತ ಬೈದಿದ್ದು ಯಾವುದನ್ನೋ, ಅದೇ ಆ ಆಲ್ಬಮ್‌ನ ಜೀವ. ಕಳ್ಳತನ ಆಗದೇ ಇದ್ದಿದ್ದರೆ ಅದು ಇರುತ್ತಲೇ ಇರಲಿಲ್ಲವೇನೋ.

2004ರ ಮಾರ್ಚ್‌ನಲ್ಲಿ ಅದು ಬಂತು. 22 ತುಣುಕು, ಒಟ್ಟು ಮುಕ್ಕಾಲು ಗಂಟೆ. ಬಹುತೇಕ ಹಾಡುಗಳಿಗೆ ಪಲ್ಲವಿಯೇ ಇಲ್ಲ. ಕೆಲವು ಎರಡು ನಿಮಿಷಕ್ಕೆ ಮುಗಿದುಹೋಗುತ್ತವೆ. ‘ಅಕಾರ್ಡಿಯನ್’ ಅನ್ನುವ ಹಾಡಿನಲ್ಲಿ ಡ್ರಮ್ಮು ಅನ್ನುವುದು ಇದೆಯೋ ಇಲ್ಲವೋ ಅನ್ನುವ ಹಾಗಿದೆ, ಉಸಿರೆಳೆದುಕೊಳ್ಳುವ ಅಕಾರ್ಡಿಯನ್ ಒಂದೇ. ಚಾರ್ಟ್‌ಗಳಲ್ಲಿ ಅದು ಮೇಲೆ ಹೋಗಲಿಲ್ಲ. ಹೋಗಬೇಕಾದ ಜಾಗಕ್ಕೆ ಹೋಯಿತು, ಆಗ ಎಂಟು ಹತ್ತು ವರ್ಷ ಇದ್ದ ಹುಡುಗರ ಕಿವಿಗೆ.

ಲೆಕ್ಕ ಹಾಕಿ. ರ‍್ಯಾಪರ್ ಅರ್ಲ್ ಸ್ವೆಟ್‌ಶರ್ಟ್ 2010ರಲ್ಲಿ ತನ್ನ ಮೊದಲ ಮಿಕ್ಸ್‌ಟೇಪ್ (ಆಲ್ಬಮ್‌ನಂಥದ್ದೇ ಹಾಡುಗಳ ಕಂತೆ, ಸಾಮಾನ್ಯವಾಗಿ ಪುಕ್ಕಟೆ) ಬಿಟ್ಟಾಗ ಅವನಿಗೆ 16. ಒಂದೇ ಮಟ್ಟದ ದನಿ, ಸಾಲಿನೊಳಗೆ ತುಂಬಿ ತುಳುಕುವ ಪ್ರಾಸ, ಯಾವ ಶಾಲೆಯ ವಿದ್ಯಾರ್ಥಿ ಅಂತ ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ, ಅವನೂ ಅದನ್ನು ಮುಚ್ಚಿಟ್ಟವನಲ್ಲ. ಜೋಯಿ ಬ್ಯಾಡ್ಯಾಸ್ 2012ರಲ್ಲಿ ‘1999’ ಅನ್ನುವ ಮಿಕ್ಸ್‌ಟೇಪ್ ಬಿಟ್ಟಾಗ ಅವನಿಗೆ 17, ಅದರಲ್ಲಿ ಡೂಮ್‌ನ ಬೀಟ್ ಮೇಲೆಯೇ ಹಾಡಿದ್ದಾನೆ. ಬಿಷಪ್ ನೆಹ್ರು ಅನ್ನುವ ಹುಡುಗನ ಜೊತೆ ಡೂಮ್ 2014ರಲ್ಲಿ ‘ನೆಹ್ರೂವಿಯನ್‌ಡೂಮ್’ ಅಂತ ಇಡೀ ಆಲ್ಬಮ್ಮನ್ನೇ ಮಾಡಿದ, ಆ ಹುಡುಗನಿಗೆ ಆಗ 18. (ಹೌದು, ನಮ್ಮ ನೆಹರೂ ಹೆಸರೇ. ನಾನೂ ಎರಡು ಸಲ ಓದಿದ್ದೆ.) ಟೈಲರ್ ದ ಕ್ರಿಯೇಟರ್‌ನಿಂದ ಹಿಡಿದು ಬಫಲೊದ ವೆಸ್ಟ್‌ಸೈಡ್ ಗನ್‌ವರೆಗೆ ಪಟ್ಟಿ ಹೋಗುತ್ತದೆ, ಅದನ್ನು ಇಲ್ಲಿ ಪೂರ್ತಿ ಹಾಕುವುದಿಲ್ಲ.

ಈ ಹುಡುಗರಿಗೆಲ್ಲ ಇನ್ನೊಂದು ದಾರಿಯಿಂದಲೂ ಅವನು ಸಿಕ್ಕಿದ. ‘ಸ್ಪೆಷಲ್ ಹರ್ಬ್ಸ್’ ಅಂತ ಬರೀ ಬೀಟ್‌ಗಳ ಸರಣಿ ಬಿಟ್ಟಿದ್ದ, ಮೆಟಲ್ ಫಿಂಗರ್ಸ್ ಅನ್ನುವ ಹೆಸರಲ್ಲಿ, ಒಂದಲ್ಲ ಎರಡಲ್ಲ ಹತ್ತು ಭಾಗ. ಒಂದೊಂದು ಬೀಟ್‌ಗೂ ಯಾವುದೋ ಗಿಡಮೂಲಿಕೆಯದೋ ಮಸಾಲೆಯದೋ ಹೆಸರು. ಮಾತಿಲ್ಲದ ಬೀಟ್ ಸಿಕ್ಕರೆ ಹದಿನೈದು ವರ್ಷದವನು ಏನು ಮಾಡುತ್ತಾನೆ? ಬಾಗಿಲು ಹಾಕಿಕೊಂಡು ಅದರ ಮೇಲೆ ಹಾಡುತ್ತಾನೆ. ಎಷ್ಟು ಜನ ರ‍್ಯಾಪರ್‌ಗಳು ತಮ್ಮ ಮೊದಲ ಸಾಲನ್ನು ಆ ಬೀಟ್‌ಗಳ ಮೇಲೆ ಬರೆದರೋ ಯಾರೂ ಲೆಕ್ಕ ಇಟ್ಟಿಲ್ಲ. ಶೈಲಿ ಕಲಿಸುವುದು ಒಂದು, ಅಭ್ಯಾಸಕ್ಕೆ ಜಾಗ ಕೊಡುವುದು ಇನ್ನೊಂದು. ಅವನು ಎರಡನ್ನೂ ಮಾಡಿದ.

ಹಿರಿಯರೂ ಕಡಿಮೆ ಏನಲ್ಲ. ಹಿರಿಯ ರ‍್ಯಾಪರ್ ಮಾಸ್ ಡೆಫ್ ಸ್ಟುಡಿಯೋದಲ್ಲಿ ಕೂತು ಡೂಮ್ ಸಾಲುಗಳನ್ನು ಬಾಯಿಪಾಠ ಒಪ್ಪಿಸುತ್ತಾ ಚಿಕ್ಕ ಮಕ್ಕಳ ಹಾಗೆ ಕುಣಿಯುವ ಒಂದು ವಿಡಿಯೋ ಇದೆ, ನೋಡಿಲ್ಲದಿದ್ದರೆ ಹುಡುಕಿ ನೋಡಿ. ‘ನನಗೆ ಒಳಗೆ ಎಷ್ಟು ವಿಚಿತ್ರ ಅನ್ನಿಸುತ್ತೋ ಅಷ್ಟೇ ವಿಚಿತ್ರವಾಗಿ ಇವನು ಪ್ರಾಸ ಕಟ್ಟುತ್ತಾನೆ’ ಅನ್ನುವ ಅರ್ಥದಲ್ಲಿ ಒಂದು ಮಾತು ಹೇಳುತ್ತಾರೆ. ಡೂಮ್ ಬಗ್ಗೆ ನಾನು ಓದಿದ್ದು, ಕೇಳಿದ್ದು ಎಲ್ಲದರಲ್ಲಿ ಇಷ್ಟು ಸರಿಯಾದ ಮಾತು ಇನ್ನೊಂದಿಲ್ಲ. ಸಾವಿನ ಸುದ್ದಿ ಬಂದಾಗ ಇನ್ನೊಬ್ಬ ಹಿರಿಯ ರ‍್ಯಾಪರ್ ಕ್ಯೂ-ಟಿಪ್ ಅವನನ್ನು ನಿಮಗೆ ಇಷ್ಟವಾದ ಎಮ್‌ಸಿಗೆ (ಅಂದರೆ ರ‍್ಯಾಪರ್‌ಗೆ) ಇಷ್ಟವಾದ ಎಮ್‌ಸಿ ಅಂದರು. ರೇಡಿಯೊಹೆಡ್‌ನ ಥಾಮ್ ಯಾರ್ಕ್ ಕೂಡ, ಅವನು ಪದ ಜೋಡಿಸುವ ರೀತಿ ಬೆಚ್ಚಿಬೀಳಿಸುತ್ತಿತ್ತು ಅಂತ ಬರೆದರು. ರಾಕ್ ಹಾಡುವವರು ರ‍್ಯಾಪರ್ ಬಗ್ಗೆ ಹೀಗೆ ಬರೆಯುವುದು ದಿನಾ ಆಗುವ ವಿಷಯವಲ್ಲ.

ಮುಖ ತೋರಿಸದೇ ಇರುವುದನ್ನೇ ಕಲಿತವರೂ ಇದ್ದಾರೆ. ನ್ಯೂಯಾರ್ಕ್‌ನ ಬಿಲ್ಲಿ ವುಡ್ಸ್ ಫೋಟೋಗಳಲ್ಲಿ ಮುಖ ಮರೆಮಾಡುತ್ತಾನೆ. ಹೈಟಿ ಮೂಲದ ಮ್ಯಾಕ್-ಹಾಮಿ ಹೈಟಿ ಬಾವುಟದ ಬಟ್ಟೆಯನ್ನು ಮುಖಕ್ಕೆ ಕಟ್ಟಿಕೊಂಡು ಬರುತ್ತಾನೆ. ಇವರೆಲ್ಲರೂ ಡೂಮ್‌ನಿಂದಲೇ ಕಲಿತರು ಅಂತ ನಾನು ಹೇಳುವುದಿಲ್ಲ, ಅವರವರ ಕಾರಣ ಅವರವರಿಗೆ. ಆದರೆ ಮುಖ ಕೊಡದೆಯೂ ಜನ ಕೇಳುತ್ತಾರೆ ಅನ್ನುವ ಬಾಗಿಲು ಮೊದಲೇ ತೆರೆದಿತ್ತು. ಸೆಲ್ಫಿಯ ಕಾಲದಲ್ಲಿ ಅದು ಸಣ್ಣ ಬಾಗಿಲಲ್ಲ.

ಈಗ ನನಗೆ ಇಷ್ಟವಿಲ್ಲದ ವಿಷಯಕ್ಕೆ ಬರುತ್ತೇನೆ. 2007ರ ಸುಮಾರಿಗೆ ಅವನ ಕಾರ್ಯಕ್ರಮಗಳಲ್ಲಿ ಜನಕ್ಕೆ ಅನುಮಾನ ಶುರುವಾಯಿತು. ಮುಖವಾಡ ಅದೇ, ಆದರೆ ಆಳು ತೆಳ್ಳಗಿದ್ದಾನೆ, ಹಾಡಿಗೆ ತುಟಿ ಮಾತ್ರ ಆಡಿಸುತ್ತಿದ್ದಾನೆ. ಬೇರೆ ಯಾರಿಗೋ ಮುಖವಾಡ ಹಾಕಿ ಕಳಿಸಿದ್ದ! ಕೇಳಿದರೆ ತಪ್ಪಾಯ್ತು ಅನ್ನಲಿಲ್ಲ. ಈ ಪಾತ್ರವನ್ನು ಬರೆದವನು ನಾನು, ನಿರ್ದೇಶಕ ನಾನು, ಯಾರನ್ನು ಬೇಕಾದರೂ ಆ ಪಾತ್ರಕ್ಕೆ ಹಾಕುತ್ತೇನೆ ಅನ್ನುವ ಧಾಟಿಯಲ್ಲಿ ಉತ್ತರ ಕೊಟ್ಟ. ಅಭಿಮಾನಿಗಳಲ್ಲಿ ಅರ್ಧ ಜನ ಇದನ್ನು ದೊಡ್ಡ ಕಲೆ ಅನ್ನುತ್ತಾರೆ. ವಿಲನ್ ಅಂದ ಮೇಲೆ ಮೋಸ ಮಾಡಬೇಕಲ್ವಾ ಅನ್ನುತ್ತಾರೆ. ನಾನು ಅದಕ್ಕೆ ಒಪ್ಪುವುದಿಲ್ಲ. ಟಿಕೆಟ್‌ಗೆ ದುಡ್ಡು ಕೊಟ್ಟು, ದೂರದಿಂದ ಬಂದು, ಮೂರು ಗಂಟೆ ನಿಂತವನು ಅದೇ ದನಿಯನ್ನು ಕೇಳಲು ಬಂದವನು. ‘ಕೇಳಿ, ನೋಡಬೇಡಿ’ ಅಂತ ಹೇಳಿಕೊಟ್ಟವನೇ ಕೇಳುವುದಕ್ಕೆ ಟೇಪ್ ಹಾಕಿ ನೋಡುವುದಕ್ಕೆ ಮುಖವಾಡ ಕೊಟ್ಟರೆ, ಅವನ ಮಾತಿಗೆ ಅವನೇ ಉಲ್ಟಾ ಹೊಡೆದ ಹಾಗಾಯಿತು. ಮಜಾ ಏನು ಅಂದ್ರೆ, ಇಷ್ಟು ಸಿಟ್ಟಿನಲ್ಲಿ ಇದನ್ನು ಬರೆಯುತ್ತಿರುವಾಗಲೂ ಹಿಂದೆ ಅವನದೇ ಹಾಡು ಓಡುತ್ತಿದೆ.

2003 ಮತ್ತು 2004, ಈ ಎರಡು ವರ್ಷದ ಬಗ್ಗೆ ಹೇಳದಿದ್ದರೆ ಅವನ ವೇಷಗಳ ಕಥೆ ಮುಗಿಯುವುದಿಲ್ಲ. ಕಿಂಗ್ ಗೀಡೋರಾ ಅನ್ನುವ ಮೂರು ತಲೆಯ ರಾಕ್ಷಸನಾಗಿ ಒಂದು ಆಲ್ಬಮ್. ವಿಕ್ಟರ್ ವಾನ್ ಅನ್ನುವ ಪಡ್ಡೆ ಹುಡುಗನಾಗಿ ಎರಡು. ಮ್ಯಾಡ್‌ಲಿಬ್ ಜೊತೆ ಒಂದು. ಆಮೇಲೆ ಊಟ ತಿಂಡಿಯ ಮೇಲೆಯೇ ಇಡೀ ಒಂದು ಆಲ್ಬಮ್, ‘ಎಮ್‌ಎಮ್..ಫುಡ್’. ಇಂಗ್ಲಿಷ್‌ನಲ್ಲಿ ಅವನ ಹೆಸರಿನ ಅಕ್ಷರಗಳನ್ನೇ ಹಿಂದೆ ಮುಂದೆ ಮಾಡಿದರೆ ಆ ಹೆಸರು ಬರುತ್ತದೆ, ಕನ್ನಡದಲ್ಲಿ ಈ ಆಟವೂ ನಡೆಯುವುದಿಲ್ಲ. ಎರಡು ವರ್ಷಕ್ಕೆ ಐದು ಆಲ್ಬಮ್. ಆ ಊಟದ ಆಲ್ಬಮ್‌ನಲ್ಲಿ ಮಿಸ್ಟರ್ ಫೆಂಟಾಸ್ಟಿಕ್ ಅಂತ ಒಬ್ಬ ಬಂದು ಹಾಡುತ್ತಾನೆ. ಡೂಮ್ ಹಾಡುಗಳಲ್ಲೇ ಅತಿ ಹೆಚ್ಚು ಜನಕ್ಕೆ ಗೊತ್ತಿರುವ ಹಾಡುಗಳಲ್ಲಿ ಅದೂ ಒಂದು, ಪೊಲೀಸರ ಮುಂದೆ ಬಾಯಿಬಿಡುವ ರ‍್ಯಾಪರ್‌ಗಳ ಬಗ್ಗೆ. ಆ ಫೆಂಟಾಸ್ಟಿಕ್ ಯಾರು ಅಂತ ಅಭಿಮಾನಿಗಳು ಇವತ್ತಿಗೂ ಜಗಳ ಆಡುತ್ತಿದ್ದಾರೆ. ಬಾಯಿಬಿಡಬೇಡಿ ಅನ್ನುವ ಹಾಡು ಹಾಡಿದವನ ಬಗ್ಗೆ ಯಾರೂ ಬಾಯಿಬಿಟ್ಟಿಲ್ಲ.

ಕೊನೆಯ ಹತ್ತು ವರ್ಷ ಅಷ್ಟು ತಮಾಷೆಯಾಗಿರಲಿಲ್ಲ. ಮಗುವಾಗಿದ್ದಾಗಿನಿಂದ ಅಮೆರಿಕದಲ್ಲೇ ಇದ್ದರೂ ಅವನಿಗೆ ಅಲ್ಲಿನ ಪೌರತ್ವ ಇರಲಿಲ್ಲ. 2010ರಲ್ಲಿ ಯುರೋಪಿನಲ್ಲಿ ಕಾರ್ಯಕ್ರಮ ಕೊಟ್ಟು ವಾಪಸ್ ಹೋಗುವಾಗ ಒಳಗೆ ಬಿಡಲಿಲ್ಲ. ಹೆಂಡತಿ ಮಕ್ಕಳು ಆ ಕಡೆ, ಇವನು ಈ ಕಡೆ. ಹುಟ್ಟಿದ ಊರು ಅನ್ನುವುದು ಬಿಟ್ಟರೆ ಅವನಿಗೆ ಲಂಡನ್ ಜೊತೆ ಹೆಚ್ಚು ಸಂಬಂಧ ಇರಲಿಲ್ಲ, ಅಲ್ಲೇ ಉಳಿಯಬೇಕಾಯಿತು. 2012ರ ‘ಕೀ ಟು ದ ಕಫ್ಸ್’ ಆಲ್ಬಮ್ ಅಲ್ಲಿ ಕೂತು ಮಾಡಿದ್ದು, ಅದರ ತುಂಬ ಬ್ರಿಟನ್ನಿನ ಆಡುಮಾತು ಇದೆ, ಮನೆ ನೆನಪು ಇದೆ. ಮುಂದೆ ಕುಟುಂಬ ಜೊತೆಯಾಯಿತು. 2017ರಲ್ಲಿ 14 ವರ್ಷದ ಮಗ ಮಲಾಕೈ ತೀರಿಕೊಂಡ. ಮೊದಲು ತಮ್ಮ, ಈಗ ಮಗ. ಆಮೇಲಿನ ವರ್ಷಗಳಲ್ಲಿ ಅವನು ಬೇರೆಯವರ ಹಾಡುಗಳಲ್ಲಿ ಬಂದು ಒಂದೊಂದು ಚರಣ ಹಾಡಿ ಹೋಗುತ್ತಿದ್ದುದೇ ಜಾಸ್ತಿ.

ಅವನು ಸತ್ತಿದ್ದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಕಾರಣ ಏನು ಅಂತ ನಮಗೆಲ್ಲ ಗೊತ್ತಾಗಿದ್ದು 2023ರಲ್ಲಿ, ವಿಚಾರಣೆಯಲ್ಲಿ. ರಕ್ತದೊತ್ತಡಕ್ಕೆ ಹೊಸದಾಗಿ ಕೊಟ್ಟಿದ್ದ ಮಾತ್ರೆ ಮೈಗೆ ಒಗ್ಗದೆ ಗಂಟಲು ಊದಿಕೊಂಡು ಉಸಿರು ಕಟ್ಟಿತ್ತು. ಆ ವರದಿ ಓದಿದ ದಿನ ನಾನು ಹಾಡು ಹಾಕಲಿಲ್ಲ. ಆ ಗಂಟಲು, ಆ ಉಸಿರು. ಅದಕ್ಕಿಂತ ಮುಂದೆ ಯೋಚಿಸುವುದು ಬೇಡ ಅನ್ನಿಸಿತು.

2021ರ ಜುಲೈ ಕೊನೆಯಲ್ಲಿ ಲಾಂಗ್ ಬೀಚ್‌ನ ಒಂದು ಬೀದಿಗೆ ‘ಕೆಎಮ್‌ಡಿ-ಎಮ್‌ಎಫ್ ಡೂಮ್ ವೇ’ ಅಂತ ಹೆಸರಿಟ್ಟರು. ಅಣ್ಣ ತಮ್ಮ ಇಬ್ಬರೂ ಆಡಿಕೊಂಡು ಬೆಳೆದ ಊರು. ಕೆಎಮ್‌ಡಿ ಅನ್ನುವ ಹೆಸರು ಮೊದಲು ಬಂದಿರುವುದು ನನಗೆ ತುಂಬಾ ಇಷ್ಟವಾಯಿತು. ಅದರಲ್ಲಿ ಸಬ್‌ರಾಕ್ ಕೂಡ ಇದ್ದಾನೆ.

ಹೋದ ತಿಂಗಳು ಅಕ್ಕನ ಮಗ ರಜೆಗೆ ಬಂದಿದ್ದ. ಮ್ಯಾಡ್‌ವಿಲನಿ ಬಂದಾಗ ಅವನು ಹುಟ್ಟೇ ಇರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ನೋಟ್‌ಬುಕ್‌ನಲ್ಲಿ ಏನೋ ಬರೆಯುತ್ತಾ, ತುಟಿಯಲ್ಲೇ ಏನೋ ಎಣಿಸುತ್ತಾ ಕೂತಿದ್ದ. ಏನೋ ಅದು ಅಂದೆ. ‘ಸುಮ್ನೆ ಮಾಮ’ ಅಂದ. ಹೆಡ್‌ಫೋನ್ ಇಸಿದುಕೊಂಡು ಕೇಳಿದರೆ ಸ್ಪೆಷಲ್ ಹರ್ಬ್ಸ್. ನಾನು ಹೇಳಿಕೊಟ್ಟಿದ್ದಲ್ಲ, ಇಂಟರ್ನೆಟ್‌ನಲ್ಲಿ ಎಲ್ಲೋ ಅವನಿಗೆ ತಾನಾಗಿ ಸಿಕ್ಕಿದ್ದು. ನನಗೆ ತಡೆಯಲಾಗದೆ ಒಂದು ಗಂಟೆ ಭಾಷಣ ಮಾಡಿದೆ, ಮೇಲೆ ನಿಮಗೆ ಮಾಡಿದ ಹಾಗೆಯೇ. ತಮ್ಮ, ಸ್ಟಾಕಿಂಗ್, ಕಳುವಾದ ಡೆಮೊ, ಎಲ್ಲಾ. ಸುಮ್ಮನೆ ಕೇಳಿದ. ಆಮೇಲೆ, ‘ಹಾಗಾದ್ರೆ ಮುಖವಾಡ ಹಾಕೋಕೆ ಮುಂಚಿನ ಫೋಟೋ ಇದ್ಯಾ?’ ಅಂತ ಕೇಳಿದ.

ಇದೆಯಪ್ಪಾ, 1991ರದು, ತೋರಿಸ್ತೀನಿ ಇರು ಅಂತ ಫೋನ್ ತೆಗೆದು ಹುಡುಕತೊಡಗಿದೆ. ಸಿಕ್ಕಿತು. ತಿರುಗಿಸಿ ಅವನ ಕಡೆ ಹಿಡಿಯುವಷ್ಟರಲ್ಲಿ ಹುಡುಗ ಕೈ ಅಡ್ಡ ಇಟ್ಟ.

‘ಬೇಡ ಮಾಮ. ತೋರಿಸ್ಬೇಡಿ.’

ಹೆಡ್‌ಫೋನ್ ವಾಪಸ್ ಇಸಿದುಕೊಂಡು ಹಾಕಿಕೊಂಡ. ಬೆರಳಲ್ಲಿ ಎಣಿಸುತ್ತಾ, ಬಿಟ್ಟಿದ್ದ ಸಾಲಿನಿಂದಲೇ ಮತ್ತೆ ಬರೆಯತೊಡಗಿದ.